ಅಜ್ಜನ ಮಿಲಿಟರಿ ಟ್ರಂಕು ಸಿಕ್ಕಿದೆ, ಬಟ್ಟೆ ಒಗೆಯಬಹುದಾ?

ಪ್ರಶ್ನೆ: ನಾವು ಉಡುಪಿಯವರು. ನಮ್ಮ ಅಜ್ಜ ಎರಡನೇ ಮಹಾಯುದ್ಧದ ಹೊತ್ತಿಗೆ ಮಿಲಿಟರಿಯಲ್ಲಿದ್ದರು. ಬರ್ಮಾ ಕಡೆಗೆ ಹೋಗಿದ್ದರಂತೆ. ಹಳೆ ಮನೆ ಕೆಡವುವ ಮುಂಚೆ ಅಟ್ಟದಿಂದ ಅವರ ಟ್ರಂಕು ಇಳಿಸಿದೆವು. ಒಳಗೆ ಹಸಿರೋ ಬೂದಿಯೋ ಹೇಳಲಾಗದ ಬಣ್ಣದ ಎರಡು ಅಂಗಿ, ಒಂದು ಖಾಕಿ ಚಡ್ಡಿ, ದಪ್ಪ ಉಣ್ಣೆಯ ಉದ್ದ ಕೋಟು, ಕಾಲಿಗೆ ಸುತ್ತುವ ಪಟ್ಟಿ, ಹಿತ್ತಾಳೆ ಬಕಲಿನ ಬಟ್ಟೆ ಬೆಲ್ಟು, ಒಂದು ಚರ್ಮದ ಬೆಲ್ಟು, ಟೋಪಿಯ ಬಿಲ್ಲೆ, ನಾಲ್ಕು ಪದಕ ಇವೆ. ಕೋಟಿಗೆ ಹುಳ ಹಿಡಿದಿದೆ, ಬೂಸ್ಟಿನ ವಾಸನೆಯೂ ಇದೆ. ಅಂಟುವಾಳದಲ್ಲಿ ಒಗೆದು ಬಿಸಿಲಿಗೆ ಹಾಕೋಣ ಅಂತ ಅತ್ತೆ ಹೇಳುತ್ತಾರೆ. ತಮ್ಮ ಪದಕಗಳಿಗೆ ಬ್ರಾಸೋ ಹಾಕಿ ಉಜ್ಜಲು ಹೊರಟಿದ್ದಾನೆ. ಹಳೆ ಸಾಮಾನು ಕೊಳ್ಳುವವರೊಬ್ಬರು ಬಂದು ರೇಟು ಹೇಳಿ ಹೋಗಿದ್ದಾರೆ. ಇವನ್ನು ಮ್ಯೂಸಿಯಂಗೆ ಕೊಡುವುದಾ, ಮನೆಯಲ್ಲೇ ಇಡುವುದಾ? ಇನ್ನೊಂದು, ನನ್ನ ಮಗನಿಗೆ ಆಗಸ್ಟ್ 15ಕ್ಕೆ ಶಾಲೆಯ ಛದ್ಮವೇಷಕ್ಕೆ ಆ ಕೋಟೇ ಬೇಕಂತೆ. ಹಾಕಿಸಬಹುದಾ?

ಉತ್ತರ: ಮೊದಲು ತಮ್ಮನ ಕೈಯಿಂದ ಬ್ರಾಸೋ ಡಬ್ಬಿ ತೆಗೆದಿಡಿ. ಅತ್ತೆಗೂ ಸ್ವಲ್ಪ ತಡೆಯಿರಿ ಅನ್ನಿ. ಅಟ್ಟದಲ್ಲಿ ಎಂಬತ್ತು ವರ್ಷ ಹೇಗೋ ಉಳಿದ ಬಟ್ಟೆ ಕೆಳಗಿಳಿಸಿದ ಮೊದಲ ವಾರದಲ್ಲೇ ಹಾಳಾಗುವುದನ್ನು ತುಂಬಾ ನೋಡಿದ್ದೇನೆ. ಎಲ್ಲಾ ಪ್ರೀತಿಯಿಂದಲೇ ಆಗುವುದು.

ಮ್ಯೂಸಿಯಂಗಳಲ್ಲಿ ಹಳೆ ಬಟ್ಟೆ ನೋಡಿಕೊಳ್ಳುವುದು ನನ್ನ ಕೆಲಸ. ಮಿಲಿಟರಿ ದಿರಿಸು ನಮ್ಮ ಟೇಬಲ್ಲಿಗೆ ಬಂದರೆ ನಾವು ಮೊದಲು ನೋಡುವುದು ಅದರ ಕೊಳೆಯನ್ನು. ಕಾಲರಿನ ಬೆವರಿನ ಕಲೆ, ಹೆಗಲ ಮೇಲೆ ಬೆಲ್ಟು ಉಜ್ಜಿ ಸವೆದ ಜಾಗ, ಸೈನಿಕನೇ ಹಾಕಿಕೊಂಡ ಒರಟು ಹೊಲಿಗೆ, ಒಳಗೆ ಗೀಚಿದ ನಂಬರು. ಸರ್ಕಾರ ಅಂಥ ಅಂಗಿ ಲಕ್ಷಗಟ್ಟಲೆ ಹೊಲಿಸಿತ್ತು. ಒಗೆದು ಇಸ್ತ್ರಿ ಹಾಕಿದರೆ ಅದು ಯಾರ ಅಂಗಿಯೂ ಆಗಬಹುದು. ಈ ಕಲೆ, ತೇಪೆ ಇರುವುದರಿಂದಲೇ ಅದು ನಿಮ್ಮ ಅಜ್ಜನದ್ದು.

ಹಾಗಾಗಿ ಮೊದಲ ಕೆಲಸ ಫೋಟೋ. ಟ್ರಂಕಿನಲ್ಲಿ ಯಾವುದರ ಮೇಲೆ ಯಾವುದು ಇತ್ತು ಅನ್ನುವುದು ನೆನಪಿದ್ದರೆ ಈಗಲೇ ಬರೆದಿಡಿ. ಆಮೇಲೆ ಒಂದೊಂದೇ ವಸ್ತು ತೆಗೆದು, ಹಳೆಯ ಬಿಳಿ ಪಂಚೆಯ ಮೇಲೆ ಹಾಸಿ, ಮುಂದೆ, ಹಿಂದೆ, ಒಳಗೆ, ಗುಂಡಿ, ಲೇಬಲ್ಲು ಎಲ್ಲಾ ತೆಗೆಯಿರಿ. ಕೈಗವಸು ಹಾಕಿ, ಎನ್-95 ಮಾಸ್ಕ್ ಹಾಕಿ. ಬೂಸ್ಟು ಉಸಿರಿಗೆ ಒಳ್ಳೆಯದಲ್ಲ. ಅಲ್ಲದೆ ಆಗಿನ ಕಾಲದಲ್ಲಿ ಹೇನು, ಹುಳಕ್ಕೆಂದು ಬಟ್ಟೆಗೆ ಡಿಡಿಟಿ ಪುಡಿ ಉದುರಿಸುತ್ತಿದ್ದರು. ಮಡಿಕೆಯಲ್ಲಿ ಬಿಳಿ ಪುಡಿ ಕಂಡರೆ ಕೊಡವಬೇಡಿ.

ಜೇಬುಗಳನ್ನೂ ಟ್ರಂಕಿನ ತಳವನ್ನೂ ನೋಡಿ. ಗುಂಡು ಸಿಕ್ಕರೆ, ಅದು ಖಾಲಿಯೋ ತುಂಬಿದ್ದೋ ಅಂತ ನೀವು ಪರೀಕ್ಷೆ ಮಾಡಲು ಹೋಗಬೇಡಿ. ಪೊಲೀಸ್ ಠಾಣೆಗೆ ಹೇಳಿ. ಲೈಸೆನ್ಸ್ ಇಲ್ಲದೆ ಜೀವಂತ ಗುಂಡು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ತಪ್ಪು, ಅಜ್ಜನದ್ದಾದರೂ ಅಷ್ಟೆ. ಕತ್ತಲಲ್ಲಿ ಹೊಳೆಯುವ ಮುಳ್ಳಿನ ಹಳೆ ದಿಕ್ಸೂಚಿ ಇದ್ದರೆ ಅದಕ್ಕೆ ರೇಡಿಯಂ ಬಳಿದಿರುವ ಸಾಧ್ಯತೆ ಇದೆ, ಗಾಜು ಬಿಚ್ಚಬೇಡಿ. ಹಾಗೆಯೇ ಗ್ಯಾಸ್ ಮಾಸ್ಕ್ ಸಿಕ್ಕರೆ ಮಕ್ಕಳ ಮುಖಕ್ಕೆ ಹಾಕಿಸಬೇಡಿ. ಆ ಕಾಲದ ಬ್ರಿಟಿಷ್ ಮಾಸ್ಕ್‌ಗಳ ಫಿಲ್ಟರಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು.

ಇನ್ನು ನಿಮ್ಮ ಸಾಮಾನುಗಳನ್ನು ಓದುವ ವಿಷಯ. ನನಗೆ ಇದೇ ಇಷ್ಟದ ಭಾಗ, ಸ್ವಲ್ಪ ಉದ್ದವಾದರೆ ಬೇಸರ ಮಾಡಬೇಡಿ.

ಅಂಗಿಯ ಬಣ್ಣದಿಂದ ಶುರು ಮಾಡೋಣ. ಯುದ್ಧದ ಮೊದಲ ವರ್ಷಗಳಲ್ಲಿ ಇಂಡಿಯನ್ ಆರ್ಮಿ ಹಾಕುತ್ತಿದ್ದದ್ದು ಖಾಕಿ ಡ್ರಿಲ್ ಬಟ್ಟೆ. ಮರಳುಗಾಡಿಗೆ ಅದು ಸರಿ. ಬರ್ಮಾದ ಹಸಿರು ಕಾಡಿನಲ್ಲಿ ಖಾಕಿ ಅಂಗಿ ದೂರಕ್ಕೇ ಎದ್ದು ಕಾಣುತ್ತಿತ್ತು. ಹಾಗಾಗಿ ಜಂಗಲ್ ಗ್ರೀನ್ ಅನ್ನುವ ಹಸಿರು ಬಟ್ಟೆ ಬಂತು. ಹೊಸ ಬಟ್ಟೆ ಎಲ್ಲರಿಗೂ ಸಾಕಾಗುವಷ್ಟು ಬರುವ ತನಕ ಇದ್ದ ಖಾಕಿಯನ್ನೇ ಹಸಿರು ಬಣ್ಣದಲ್ಲಿ ಅದ್ದಿದ್ದೂ ಉಂಟು. ಈ ಬಣ್ಣ ಗಟ್ಟಿ ನಿಲ್ಲಲಿಲ್ಲ. ಮಳೆ, ಬೆವರು, ಬಿಸಿಲಿಗೆ ಬೂದಿಯಾಗಿ, ಕೆಲವು ಕಡೆ ನೀಲಿಯಾಗಿ ತಿರುಗುತ್ತಿತ್ತು. ನಿಮ್ಮ 'ಹಸಿರೋ ಬೂದಿಯೋ' ಅಂಗಿ ಅದೇ ಇರಬೇಕು. ಜೇಬಿನ ಮುಚ್ಚಳ ಎತ್ತಿ ಅದರ ಅಡಿ ನೋಡಿ. ಬೆಳಕು ತಾಗದ ಆ ಜಾಗದಲ್ಲಿ ಮೂಲ ಬಣ್ಣ ಇನ್ನೂ ಇರುತ್ತದೆ. ಹೊಲಿಗೆಯ ಸಂದಿಯಲ್ಲಿ ಖಾಕಿ ಇಣುಕಿದರೆ ಅದು ಬಣ್ಣ ಬದಲಿಸಿದ ಅಂಗಿ.

ಖಾಕಿ ಅಂದಾಗ ಮಂಗಳೂರಿನವರು ಸುಮ್ನೆ ಇರುವುದಿಲ್ಲ, ಅಲ್ವಾ? ಖಾಕಿ ಹುಟ್ಟಿದ್ದೇ ನಮ್ಮ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಅನ್ನುವುದು ಊರಿನ ಹೆಮ್ಮೆ. ಹಾಲರ್ ಎಂಬ ಮಿಷನರಿ 1851ರಲ್ಲಿ ಇಲ್ಲಿಗೆ ಬಂದು, ಹೊಸ ಬಗೆಯ ಮಗ್ಗಗಳನ್ನು ಹಾಕಿಸಿ, ಬಣ್ಣದ ಕೆಲಸ ಬೆಳೆಸಿದರು. ಅವರ ಖಾಕಿಯನ್ನು ಮೊದಲು ಇಲ್ಲಿನ ಪೊಲೀಸರು ತೊಟ್ಟರು, ಆಮೇಲೆ ಅದು ಸೈನ್ಯಕ್ಕೆ ಹೋಯಿತು ಅಂತ ಇಲ್ಲಿ ಹೇಳುತ್ತಾರೆ. ಆದರೆ ಪೇಶಾವರದ ಕಡೆ ಕೋರ್ ಆಫ್ ಗೈಡ್ಸ್ ಎಂಬ ದಳ 1840ರ ದಶಕದ ಕೊನೆಗೇ ಮಣ್ಣು ಬಣ್ಣದ ಬಟ್ಟೆ ತೊಟ್ಟಿತ್ತು. ಹಾಗಾಗಿ 'ಮೊದಲು' ಅನ್ನುವ ಮಾತಿಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಒಗೆದರೂ ಬಿಡದ ಖಾಕಿಗೆ ಮ್ಯಾಂಚೆಸ್ಟರ್ ಕಡೆಯವರು ಪೇಟೆಂಟ್ ತೆಗೆದದ್ದು 1884ರಲ್ಲಿ. ಕ್ರೋಮಿಯಂ ಮತ್ತು ಕಬ್ಬಿಣದ ಲವಣಗಳಿಂದ ಬರುವ ಬಣ್ಣ ಅದು. ನಿಮ್ಮ ಅಜ್ಜನ ಚಡ್ಡಿಯ ಬಣ್ಣವೂ ಈ ಜಾತಿಯದ್ದೇ ಇರಬಹುದು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ತುಕ್ಕಿನ ಕಲೆ ತೆಗೆಯಲು ನಮ್ಮಲ್ಲಿ ಲಿಂಬೆಹುಳಿ ಉಜ್ಜುವ ಅಭ್ಯಾಸ ಉಂಟು. ಈ ಖಾಕಿಗೆ ಹುಳಿ ಉಜ್ಜಿದರೆ ತುಕ್ಕಿನ ಜೊತೆ ಬಟ್ಟೆಯ ಬಣ್ಣವೂ ಎದ್ದು ಬರುತ್ತದೆ. ಯಾಕೆಂದರೆ ಆ ಬಣ್ಣದೊಳಗಿರುವುದೂ ಕಬ್ಬಿಣವೇ.

ಈಗ ಬಟ್ಟೆ ಬೆಲ್ಟು. ಇದು 1937ರ ಮಾದರಿಯ ವೆಬ್ ಬೆಲ್ಟು ಇರಬೇಕು, ದಪ್ಪ ಹತ್ತಿ ನೂಲಿನ ಬಿಗಿ ನೇಯ್ಗೆ, ತುದಿಗೆ ಹಿತ್ತಾಳೆ. ಒಳಬದಿಯಲ್ಲಿ ಕಪ್ಪು ಮಸಿಯ ಮುದ್ರೆ ಹುಡುಕಿ. ಮೂರು ಗೆರೆಯ ಬಾಣದ ತಲೆ, ಅದರ ಕೆಳಗೆ ಇಂಗ್ಲಿಷಿನ 'ಐ' ಅಕ್ಷರ ಇದ್ದರೆ ಅದು ಇಂಡಿಯಾ ಸರ್ಕಾರದ ಸರಕು. ಪಕ್ಕದಲ್ಲೇ ತಯಾರಾದ ವರ್ಷವೂ ಇರುತ್ತದೆ. ಒಂದು ಭೂತಗನ್ನಡಿ ಹಿಡಿದು ನೇಯ್ಗೆ ನೋಡಿ. ನೂಲಿನ ಸಂದಿಗಳಲ್ಲಿ ಒಣಗಿದ ಮಣ್ಣಿನಂಥ ಪುಡಿ ಕೂತಿರುತ್ತದೆ, ನೂಲಿನ ಉಬ್ಬಿನ ಮೇಲೆ ಇರುವುದಿಲ್ಲ. ಅದು ಕೊಳೆ ಅಲ್ಲ. ಬ್ಲಾಂಕೋ ಅನ್ನುವ ಬಣ್ಣದ ಬಿಲ್ಲೆ ಸಿಗುತ್ತಿತ್ತು. ಸೈನಿಕರು ಪರೇಡಿಗೆ ಮುಂಚೆ ಒದ್ದೆ ಬ್ರಷ್ಷಿನಿಂದ ಅದನ್ನು ಬೆಲ್ಟಿಗೆ ಬಳಿಯುತ್ತಿದ್ದರು. ಸೊಂಟದ ಎಡಬದಿಯಲ್ಲಿ ಬ್ಲಾಂಕೋ ಪೂರ್ತಿ ಸವೆದು ನೂಲು ಹೊಳೆಯುತ್ತಿದ್ದರೆ ಅಲ್ಲಿ ಬಯೋನೆಟ್ಟಿನ ಒರೆ ನೇತಾಡುತ್ತಿತ್ತು ಅಂತ ತಿಳಿಯಬಹುದು. ಒಂದು ಬಕೆಟ್ ನೀರಿಗೆ ಈ ಬೆಲ್ಟು ಹಾಕಿದಿರೋ, ಇಷ್ಟೂ ಕೆಸರಾಗಿ ಚರಂಡಿಗೆ ಹೋಯಿತು.

ಅಂಗಿ, ಕೋಟುಗಳ ಕಾಲರಿನ ಒಳಗೆ, ಚಡ್ಡಿಯ ಸೊಂಟಪಟ್ಟಿಯಲ್ಲಿ ಇನ್ನೂ ಎರಡು ಬಗೆಯ ಬರಹ ಇರಬಹುದು. ಒಂದು ಅಜ್ಜನ ಆರ್ಮಿ ನಂಬರು. ಇನ್ನೊಂದು ಮಡಿವಾಳರು ಕರಿಗೇರಿನ ಮಸಿಯಲ್ಲಿ ಹಾಕಿದ ಚುಕ್ಕಿ ಗೆರೆಗಳ ಗುರುತು. ಎರಡನ್ನೂ ಹತ್ತಿರದಿಂದ ಫೋಟೋ ತೆಗೆಯಿರಿ. ಆರ್ಮಿ ನಂಬರು ಸಿಕ್ಕರೆ ಅಜ್ಜನ ದಾಖಲೆ ಹುಡುಕುವ ಅರ್ಧ ಕೆಲಸ ಮುಗಿಯಿತು.

ಬಿಲ್ಲೆ, ಗುಂಡಿಗಳಲ್ಲಿ ಕಿರೀಟ ಇದೆಯಾ, ಅಶೋಕ ಸ್ತಂಭದ ಸಿಂಹ ಇದೆಯಾ ನೋಡಿ. 1950ರ ಜನವರಿ 26ರಂದು ನಾವು ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ಸಿಂಹ ಬಂತು. ಒಂದೇ ಟ್ರಂಕಿನಲ್ಲಿ ಎರಡೂ ಇದ್ದರೆ ಅಜ್ಜ ಯುದ್ಧ ಮುಗಿದ ಕೂಡಲೇ ಮನೆಗೆ ಬಂದಿಲ್ಲ ಅಂತಾಯಿತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಉಡುಪಿ ಅದರೊಳಗೇ ಇತ್ತು. ಹಾಗಾಗಿ ದಾಖಲೆಯಲ್ಲಿ 'ಮದ್ರಾಸ್' ಅಂತ ಕಂಡರೆ ಗಾಬರಿ ಬೇಡ. ಎಲ್ಲರೂ ಬಂದೂಕು ಹಿಡಿದ ದಳದಲ್ಲೇ ಇದ್ದರು ಅಂತಲೂ ಅಂದುಕೊಳ್ಳಬೇಡಿ. ಲಾರಿ ಓಡಿಸಿ ರೇಷನ್ ಸಾಗಿಸಿದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ರಸ್ತೆ, ಸೇತುವೆ ಕಟ್ಟಿದ ಮದ್ರಾಸ್ ಸ್ಯಾಪರ್ಸ್, 1943ರಲ್ಲಿ ಶುರುವಾದ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್, ಹೀಗೆ ಎಷ್ಟೋ ಇದ್ದವು. 1945ರ ಹೊತ್ತಿಗೆ ಇಂಡಿಯನ್ ಆರ್ಮಿಯಲ್ಲಿ ಸುಮಾರು 25 ಲಕ್ಷ ಜನ. ಅಷ್ಟು ಜನಕ್ಕೆ ಅಕ್ಕಿ, ಬೇಳೆ ಮುಟ್ಟಿಸುವುದೇನು ಸಣ್ಣ ಯುದ್ಧವಾ?

ಕೋಟಿನ ಅಥವಾ ಅಂಗಿಯ ತೋಳಿನ ಮೇಲ್ಭಾಗದಲ್ಲಿ ಬಟ್ಟೆಯ ಚಿತ್ರವೊಂದು ಇದ್ದರೆ, ಅಥವಾ ಕಿತ್ತ ಜಾಗದಲ್ಲಿ ಚೌಕದ ಗುರುತು ಇದ್ದರೆ, ಅದು ಡಿವಿಜನ್ನಿನ, ಅಂದರೆ ಸೈನ್ಯದ ದೊಡ್ಡ ತುಕಡಿಯ, ಗುರುತು. ಕರಿಬೆಕ್ಕು 17ನೇ ಇಂಡಿಯನ್ ಡಿವಿಜನ್, ಕಪ್ಪಿನ ಮೇಲೆ ಕೆಂಪು ಉಂಡೆ 5ನೇದು, ಕಠಾರಿ ಹಿಡಿದ ಕೈ 19ನೇದು. ಈ ಮೂರೂ ಬರ್ಮಾ ಯುದ್ಧದಲ್ಲಿ ಇದ್ದವು. ಕಿತ್ತ ಜಾಗದಲ್ಲಿ ಉಳಿದ ದಾರದ ತುಣುಕುಗಳನ್ನು ಕತ್ತರಿಸಬೇಡಿ.

ಪದಕಗಳಿಗೆ ಬರೋಣ. ಆರು ಮೂಲೆಯ ನಕ್ಷತ್ರಗಳಿದ್ದರೆ ಅವು ಎರಡನೇ ಮಹಾಯುದ್ಧದ 'ಸ್ಟಾರ್'ಗಳು. ಲೋಹ, ಆಕಾರ ಎಲ್ಲಕ್ಕೂ ಒಂದೇ, ಬರಹ ಮತ್ತು ರಿಬ್ಬನ್ ಮಾತ್ರ ಬೇರೆ. ಬರ್ಮಾ ಸ್ಟಾರಿನ ರಿಬ್ಬನ್ನಿನಲ್ಲಿ ನಡುವೆ ಅಗಲ ಕೆಂಪು, ಎರಡೂ ಬದಿ ಕಡುನೀಲಿ, ನೀಲಿಯ ನಡುವೆ ಕಿತ್ತಳೆ ಗೆರೆ ಇರುತ್ತದೆ. ಅದು ಸಿಕ್ಕಿದ ಮಾತ್ರಕ್ಕೆ ಅಜ್ಜ ಗಡಿ ದಾಟಿ ಬರ್ಮಾದ ಒಳಗೇ ಹೋಗಿದ್ದರು ಅಂತ ಹೇಳಲಾಗದು. ಬಂಗಾಳ, ಅಸ್ಸಾಂನ ಕೆಲವು ಭಾಗಗಳಲ್ಲಿ ಇದ್ದವರಿಗೂ ಅದನ್ನು ಕೊಟ್ಟಿದ್ದಾರೆ. ಇಂಡಿಯಾದ ನಕ್ಷೆ ಇರುವ ಗುಂಡಗಿನ ಪದಕ ಇಂಡಿಯಾ ಸರ್ವಿಸ್ ಮೆಡಲ್. ಸಿಂಹವೊಂದು ಎರಡು ತಲೆಯ ಡ್ರ್ಯಾಗನ್ನನ್ನು ತುಳಿದು ನಿಂತದ್ದು ವಾರ್ ಮೆಡಲ್. ಕೇಸರಿ, ಬಿಳಿ, ಹಸಿರು ರಿಬ್ಬನ್ ಇದ್ದರೆ ಅದು 1947ರ ಸ್ವಾತಂತ್ರ್ಯ ಪದಕ.

ತಮ್ಮನಿಗೆ ತೋರಿಸಬೇಕಾದ್ದು ಇದು: ನಕ್ಷತ್ರವನ್ನು ಮಗುಚಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಿರಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಸ್ಟಾರ್‌ಗಳ ಬೆನ್ನು ಬೋಳು. ನಮ್ಮವರಿಗೆ ಕೊಟ್ಟದ್ದರ ಹಿಂದೆ ನಂಬರು, ಹೆಸರು, ದಳ ಒತ್ತಿರುತ್ತದೆ. ಗುಂಡಗಿನ ಪದಕದಲ್ಲಿ ಅದು ಅಂಚಿನಲ್ಲಿರುತ್ತದೆ. ಅಕ್ಷರಗಳು ಬಹಳ ತೆಳು. ಪಾಲಿಶ್ ಅಂದರೆ ಲೋಹವನ್ನು ಚೂರು ಚೂರೇ ಕೆರೆಯುವುದು ಅಲ್ವಾ? ವರ್ಷಕ್ಕೊಮ್ಮೆ ಉಜ್ಜಿದ ಮನೆಗಳಲ್ಲಿ ಹೆಸರು ಅಳಿಸಿಹೋದ ಪದಕಗಳನ್ನು ನಾನು ನೋಡಿದ್ದೇನೆ. ಹೆಸರಿಲ್ಲದ ಪದಕ ಅಂಗಡಿಯಲ್ಲಿ ದುಡ್ಡಿಗೂ ಸಿಗುತ್ತದೆ. ಪದಕದ ಕಂದು ಬಣ್ಣ ಹಾಗೇ ಇರಲಿ, ಮೆತ್ತಗಿನ ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಹುಣಸೆಹುಳಿಯೂ ಬೇಡ. ಪೂಜೆಯ ದೀಪಕ್ಕೆ ಅದು ಚೆನ್ನ, ಇಲ್ಲಿ ರಿಬ್ಬನ್ನಿಗೂ ಹುಳಿ ಇಳಿಯುತ್ತದೆ.

ಈಗ ಹುಳ ಹಿಡಿದ ಕೋಟು. ಇದನ್ನು ಇವತ್ತೇ ಬೇರೆ ಮಾಡಿ, ಮನೆಯ ರೇಷ್ಮೆ ಸೀರೆ, ಉಣ್ಣೆ ಶಾಲುಗಳ ಹತ್ತಿರ ಇಡಬೇಡಿ. ಉಣ್ಣೆ ತಿನ್ನುವ ಹುಳ ಮುಖ್ಯವಾಗಿ ಎರಡು ಬಗೆ. ಮೇಲ್ಮೈ ಕೆರೆದ ಹಾಗೆ ತಿಂದು, ಬಲೆಯಂಥ ನೂಲು, ಸಣ್ಣ ಗೂಡು ಬಿಟ್ಟಿದ್ದರೆ ಅದು ನುಸಿಪತಂಗದ ಮರಿ. ಅಲ್ಲಲ್ಲಿ ಗುಂಡನೆ ತೂತು, ಜೊತೆಗೆ ಕಂದು ಕೂದಲಿನ ಹೊಟ್ಟಿನಂಥ ಪೊರೆ ಇದ್ದರೆ ಅದು ಕಾರ್ಪೆಟ್ ಜೀರುಂಡೆಯ ಮರಿ. ಎರಡಕ್ಕೂ ಮದ್ದು ಒಂದೇ, ಚಳಿ. ಕೋಟನ್ನು ಸಡಿಲವಾಗಿ ಮಡಿಸಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೊರಡಿಸಿ, ಟೇಪು ಸುತ್ತಿ. ಮೈನಸ್ 20 ಡಿಗ್ರಿಯ ಆಸುಪಾಸಿಗೆ ಇಳಿಯುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಮನೆ ಫ್ರಿಜ್ಜಿನ ಐಸ್ ಕಟ್ಟುವ ಜಾಗ ಸಾಲದು. ಐಸ್‌ಕ್ರೀಮ್ ಇಡುವ ದೊಡ್ಡ ಪೆಟ್ಟಿಗೆ ಫ್ರೀಜರ್ ಆದೀತು. ನಮ್ಮೂರಲ್ಲಿ ಫ್ರೀಜರಿಗೇನು ಬರ, ಆದರೆ ಮೀನು ಇಟ್ಟದ್ದು ಬೇಡ! ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟರೆ ನೀರಿನ ಹನಿ ಚೀಲದ ಹೊರಗೆ ಕಟ್ಟುತ್ತದೆ, ಉಣ್ಣೆಗೆ ತಾಗುವುದಿಲ್ಲ. ಚರ್ಮದ ಬೆಲ್ಟು, ಪದಕಗಳನ್ನು ಫ್ರೀಜರಿಗೆ ಹಾಕಬೇಡಿ.

ಆಮೇಲೆ ಕೋಟಿನ ಮೇಲೆ ಸೊಳ್ಳೆಪರದೆಯ ತುಂಡು ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆಗಿಟ್ಟು, ಪರದೆಯ ಮೇಲಿಂದ ಮೆಲ್ಲಗೆ ಎಳೆಯಿರಿ. ಸತ್ತ ಹುಳ, ಮೊಟ್ಟೆ, ಒಣ ಬೂಸ್ಟು ಬಹಳಷ್ಟು ಹೋಗುತ್ತದೆ. ಬೂಸ್ಟು ಇನ್ನೂ ಹಸಿಯಾಗಿದ್ದು ಬೆರಳಿಗೆ ಅಂಟುವಂತಿದ್ದರೆ ಉಜ್ಜಬೇಡಿ, ನೂಲಿನ ಒಳಗೆ ಇಳಿಯುತ್ತದೆ. ಫ್ಯಾನ್ ಗಾಳಿಯಲ್ಲಿ, ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆಯೇ ಬ್ರಷ್ ಹಿಡಿಯಿರಿ.

ಬಿಸಿಲು ಯಾಕೆ ಬೇಡ ಅಂತ ಅತ್ತೆ ಕೇಳಿಯೇ ಕೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯ ಬಟ್ಟೆ ಬಿಸಿಲಿಗೆ ಹಾಕುವುದು ನಮ್ಮಲ್ಲಿ ನಡೆದು ಬಂದದ್ದು. ದಿನಾ ಉಡುವ ಬಟ್ಟೆಗೆ ಅದು ಸರಿಯೇ. ಆದರೆ ಮ್ಯೂಸಿಯಂನಲ್ಲಿ ಹಳೆ ಬಟ್ಟೆಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದಾಟದಂತೆ ನೋಡುತ್ತೇವೆ. ಅಂಗಳದ ನಡು ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅಂದರೆ ಅಂಗಳದಲ್ಲಿ ಒಂದು ಗಂಟೆ ಅಂದರೆ ಮ್ಯೂಸಿಯಂನಲ್ಲಿ 2,000 ಗಂಟೆ. ದಿನಕ್ಕೆ ಎಂಟು ಗಂಟೆ ದೀಪ ಉರಿದರೂ 250 ದಿನದ ಬೆಳಕನ್ನು ಒಂದೇ ಗಂಟೆಯಲ್ಲಿ ತಿಂದು ಮುಗಿಸಿದ ಹಾಗೆ. ಬಿಸಿಲಿನ ನೇರಳಾತೀತ ಕಿರಣದ ಏಟು ಬೇರೆ.

ಒಗೆಯುವ ವಿಷಯದಲ್ಲಿ ನನ್ನ ಮಾತು ಅಂಗಿಗೂ ಕೋಟಿಗೂ ಒಂದೇ, ಬೇಡ. ಹತ್ತಿ ಅಂಗಿಯನ್ನು ನಾವೂ ಕೆಲವೊಮ್ಮೆ ತೊಳೆಯುತ್ತೇವೆ. ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಹಾಕಿ ಬಣ್ಣ, ಮುದ್ರೆಯ ಮಸಿ ಬಿಡುತ್ತದಾ ನೋಡಿ, ಜರಡಿಯಂಥ ಬಲೆಯ ಮೇಲೆ ಮಲಗಿಸಿ, ಹಿಂಡದೆ. ಅಷ್ಟಕ್ಕೂ ಅದು ಕಡೆಯ ಉಪಾಯ. ಕೋಟು ನೀರಿಗೆ ಬಿದ್ದರೆ ಉಣ್ಣೆ ಕುಗ್ಗುತ್ತದೆ, ಒಳಗಿನ ಹತ್ತಿ ಅಸ್ತರಿ ಅಷ್ಟು ಕುಗ್ಗುವುದಿಲ್ಲ, ಎರಡೂ ಜಗ್ಗಾಡಿ ಆಕಾರ ಕೆಡುತ್ತದೆ. ಡ್ರೈಕ್ಲೀನಿಂಗಿಗೂ ಕೊಡಬೇಡಿ.

ಚರ್ಮದ ಬೆಲ್ಟಿನಲ್ಲಿ ಹಿತ್ತಾಳೆಯ ರಿವೆಟ್ ಸುತ್ತ ಹಸಿರು ಮೇಣದಂಥದ್ದು ಕಟ್ಟಿರುತ್ತದೆ. ಚರ್ಮದ ಎಣ್ಣೆಯೂ ಹಿತ್ತಾಳೆಯ ತಾಮ್ರವೂ ಸೇರಿ ಆದದ್ದು ಅದು. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಬರುತ್ತದೆ, ಚಾಕು, ಸೂಜಿ ಬೇಡ. ಚರ್ಮದ ಮೇಲೆ ಬಿಳಿ ಪೊರೆ ಇದ್ದರೆ ಎಲ್ಲವೂ ಬೂಸ್ಟಲ್ಲ. ಹೇರ್ ಡ್ರೈಯರಿನ ಉಗುರುಬೆಚ್ಚಗಿನ ಗಾಳಿ ದೂರದಿಂದ ತೋರಿಸಿ. ಕರಗಿ ಮಾಯವಾದರೆ ಅದು ಚರ್ಮದಿಂದಲೇ ಎದ್ದ ಕೊಬ್ಬು. ಹಾಗೇ ಉಳಿದರೆ ಬೂಸ್ಟು. ಮುಟ್ಟಿದರೆ ಕೆಂಪು ಪುಡಿ ಉದುರುವ ಚರ್ಮಕ್ಕೆ ಏನೂ ಮಾಡಬೇಡಿ. ಅದು ಚರ್ಮದ ಒಳಗಿನದೇ ರೋಗ, ಎಣ್ಣೆ ಹಾಕಿದಷ್ಟೂ ಜಾಸ್ತಿ ಅಂಟಂಟಾಗಿ ಕಪ್ಪಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಕೊಬ್ಬರಿ ಎಣ್ಣೆಯಂತೂ ದೇವರಾಣೆ ಬೇಡ, ಜಿರಲೆಗೆ ಊಟ ಹಾಕಿದ ಹಾಗೆ.

ಇಡುವುದು ಹೇಗೆ ಅನ್ನುವುದು ಕರಾವಳಿಯಲ್ಲಿ ದೊಡ್ಡ ತಲೆನೋವು. ಪುಸ್ತಕಗಳಲ್ಲಿ ಗಾಳಿಯ ತೇವ ಶೇಕಡಾ 50ರ ಆಸುಪಾಸು ಇರಲಿ ಅಂತ ಬರೆದಿರುತ್ತಾರೆ. 65 ದಾಟಿದರೆ ಬೂಸ್ಟಿಗೆ ಹಬ್ಬ. ನಮ್ಮ ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಗಾಳಿಯ ತೇವ 90ರ ಹತ್ತಿರವೇ ನಿಂತಿರುತ್ತದೆ. ಸಮುದ್ರದ ಉಪ್ಪು ಗಾಳಿ ಬೇರೆ ಹಿತ್ತಾಳೆಯನ್ನು ತಿನ್ನುತ್ತದೆ. ಇಡೀ ಮನೆಯನ್ನು ಒಣಗಿಸುವುದು ಯಾರಿಂದಲೂ ಆಗದು. ಒಂದು ಪೆಟ್ಟಿಗೆಯನ್ನು ಒಣಗಿಸಬಹುದು.

ಪದಕ, ಬಿಲ್ಲೆ, ಗುಂಡಿಗಳಿಗೆ ರಬ್ಬರ್ ಅಂಚಿನ, ಗಾಳಿಯಾಡದ ಅಡುಗೆಮನೆಯ ಡಬ್ಬಿ ಸಾಕು, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಆದರೆ ಡಬ್ಬಿಯ ಅಂಚು ಸಿಲಿಕೋನ್ ರಬ್ಬರಿನದ್ದಾಗಿರಲಿ, ಸಾಮಾನ್ಯ ರಬ್ಬರಿನ ಗಂಧಕ ಲೋಹವನ್ನು ಕಪ್ಪು ಮಾಡುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿ ಇಡುವುದೂ ಅದೇ ಕಾರಣಕ್ಕೆ ಬೇಡ. ಸಿಲಿಕಾ ಜೆಲ್ ಬಣ್ಣ ಬದಲಿಸಿದರೆ ಓವನ್ನಿನಲ್ಲಿ ಸುಮಾರು 120 ಡಿಗ್ರಿಗೆ ಕಾಯಿಸಿ ಮತ್ತೆ ಬಳಸಬಹುದು. ತೆರೆದ ಕಪಾಟಿನಲ್ಲಿ ಪೊಟ್ಟಣ ಇಟ್ಟು ಫಲವಿಲ್ಲ, ಅದು ಇಡೀ ಅರಬ್ಬೀ ಸಮುದ್ರದ ತೇವ ಕುಡಿಯಲು ಹೊರಡುತ್ತದೆ.

ಬಟ್ಟೆಗೆ ದಪ್ಪ ಬಣ್ಣ ಹೊಡೆದ ಸ್ಟೀಲ್ ಕಪಾಟು ಒಳ್ಳೆಯದು, ಮರದ ಪೆಟ್ಟಿಗೆ ಹುಳಿ ಆವಿ ಬಿಡುತ್ತದೆ. ಹೊರಗೋಡೆಗೆ ತಾಗದಂತೆ, ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ. ಬಟ್ಟೆ ಸುತ್ತಲು ಹೊಸ ಬಿಳಿ ಹತ್ತಿ ಬಟ್ಟೆ ತಂದು, ಗಂಜಿ ಹೋಗುವ ತನಕ ಬರೀ ನೀರಿನಲ್ಲಿ ಒಗೆದು, ನೀಲಿ ಹಾಕದೆ ಒಣಗಿಸಿ. ಗಂಜಿ ಇದ್ದರೆ ಬೆಳ್ಳಿಮೀನು ಹುಳ ಬರುತ್ತದೆ. ಕೋಟನ್ನು ಹ್ಯಾಂಗರಿಗೆ ನೇತುಹಾಕಬೇಡಿ, ಅಷ್ಟು ಭಾರಕ್ಕೆ ಹೆಗಲ ಹೊಲಿಗೆ ಹರಿಯುತ್ತದೆ. ಮಲಗಿಸಿ, ಪ್ರತಿ ಮಡಿಕೆಯೊಳಗೆ ಬಟ್ಟೆಯ ಸುರುಳಿ ಇಟ್ಟು ಮಡಿಸಿ. ಕಾಲಿನ ಪಟ್ಟಿಯನ್ನು ಸಡಿಲವಾಗಿ ಸುತ್ತಿ. ಡಾಂಬರು ಗುಳಿಗೆ, ಕರ್ಪೂರ, ಬೇವಿನೆಲೆ ಯಾವುದೂ ಬಟ್ಟೆಗೆ ತಾಗಬಾರದು. ಗುಳಿಗೆಯ ವಾಸನೆ ಮನುಷ್ಯರಿಗೂ ಒಳ್ಳೆಯದಲ್ಲ, ಎಲೆಯ ಕಲೆ ಹೋಗುವುದಿಲ್ಲ. ಪೆಟ್ಟಿಗೆ ತುಂಬುವುದನ್ನು ಜನವರಿ, ಫೆಬ್ರವರಿಯ ಒಣ ದಿನದಲ್ಲಿ ಮಾಡಿ. ಮತ್ತೆ ಮಳೆಗೆ ಮುಂಚೆ ಮೇ ತಿಂಗಳಲ್ಲೊಮ್ಮೆ, ನವರಾತ್ರಿ ಕಳೆದ ಮೇಲೊಮ್ಮೆ ತೆರೆದು ನೋಡಿ.

ಮ್ಯೂಸಿಯಂಗೆ ಕೊಡಬೇಕಾ? ನನ್ನ ಅನ್ನವೇ ಮ್ಯೂಸಿಯಂನದ್ದು, ಆದರೂ ಅವಸರ ಬೇಡ ಅನ್ನುತ್ತೇನೆ. ಕೊಟ್ಟ ವಸ್ತು ಗಾಜಿನ ಕಪಾಟಿಗೆ ಬರುತ್ತದೆ ಅನ್ನುವ ಖಾತ್ರಿ ಎಲ್ಲೂ ಇಲ್ಲ. ಯಾವುದೇ ಸಂಗ್ರಹದಲ್ಲಿ ಹೆಚ್ಚಿನದ್ದು ಉಗ್ರಾಣದಲ್ಲೇ ಇರುತ್ತದೆ, ಬಟ್ಟೆಯಂತೂ ಬೆಳಕಿನಿಂದ ಉಳಿಯಲು ಅಲ್ಲಿರಲೇಬೇಕು. ಕೊಡುವುದಾದರೆ ಅಜ್ಜನ ದಳ ಯಾವುದು ಅಂತ ಮೊದಲು ಗೊತ್ತುಮಾಡಿ. ಸ್ಯಾಪರ್ಸ್ ಆದರೆ ಬೆಂಗಳೂರಿನ ಅವರ ಕೇಂದ್ರ, ಮದ್ರಾಸ್ ರೆಜಿಮೆಂಟ್ ಆದರೆ ತಮಿಳುನಾಡಿನ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ದಾಖಲೆಯ ದಾರಿ ತಿಳಿಯಲು ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಆರ್ಮಿ ನಂಬರು ಹಿಡಿದು ಕೇಳಿ. ಊರಿನಲ್ಲೇ ಇರಲಿ ಅಂದರೆ ಮಂಗಳೂರಿನ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಹಡಗಿನ ಆಕಾರದ ಆ ಮನೆಯನ್ನು ತಾಯಿಯ ಹೆಸರಿನಲ್ಲಿ ಕೊಟ್ಟ ಮಿರಾಜ್ಕರ್ ಅವರೂ ಒಬ್ಬ ಕರ್ನಲ್ಲೇ. ಒಮ್ಮೆ ಮಡಿಕೇರಿಗೆ ಹೋಗಿ ಜನರಲ್ ತಿಮ್ಮಯ್ಯ ಅವರ 'ಸನ್ನಿ ಸೈಡ್' ಮನೆಯ ಮ್ಯೂಸಿಯಂ ನೋಡಿ ಬನ್ನಿ. ಸಮವಸ್ತ್ರವನ್ನು ಮನೆಯ ಕತೆಯ ಜೊತೆ ಇಟ್ಟರೆ ಹೇಗೆ ಕಾಣುತ್ತದೆ ಅಂತ ಅಲ್ಲಿ ತಿಳಿಯುತ್ತದೆ. ಎಲ್ಲಿಗೆ ಕೊಟ್ಟರೂ ದಾನಪತ್ರ ಬರೆಸಿ, ದಾಖಲೆ ನಂಬರು ಕೇಳಿ ಪಡೆಯಿರಿ. ಎಲ್ಲವನ್ನೂ ಒಟ್ಟಿಗೇ ಕೊಡಿ.

ರೇಟು ಹೇಳಿ ಹೋದವರಿಗೆ ಬೇಕಾದ್ದು ಸಾಮಾನ್ಯವಾಗಿ ಪದಕ ಮತ್ತು ಬಿಲ್ಲೆ. ಕೋಟು, ಅಂಗಿ ಅವರಿಗೆ ಹೊರೆ. ಮಾರಿದರೆ ಗುಂಪು ಒಡೆಯುತ್ತದೆ. ಮಾರುವುದು ನಿಮ್ಮಿಷ್ಟ, ಎರಡನೇ ಯುದ್ಧದ ವಸ್ತುಗಳಿಗೆ ನೂರು ವರ್ಷ ಆಗಿಲ್ಲವಾದ್ದರಿಂದ 1972ರ ಪ್ರಾಚ್ಯವಸ್ತು ಕಾಯ್ದೆ ಇನ್ನೂ ತಾಗುವುದಿಲ್ಲ. ಆದರೆ ಟ್ರಂಕಿನಲ್ಲಿ ಮೊದಲ ಮಹಾಯುದ್ಧದ ಏನಾದರೂ ಇದ್ದರೆ ಅದು ನೂರು ದಾಟಿದೆ, ದೇಶದ ಹೊರಗೆ ಹೋಗುವಂತಿಲ್ಲ. ನನ್ನನ್ನು ಕೇಳಿದರೆ ಮಾರಬೇಡಿ.

ಅತ್ತೆಗೆ ಒಂದು ಕೆಲಸ ಕೊಡಿ. ಒಂದೊಂದೇ ವಸ್ತು ಅವರ ಮುಂದೆ ಇಟ್ಟು, ಅಪ್ಪ ಇದರ ಬಗ್ಗೆ ಏನು ಹೇಳುತ್ತಿದ್ದರು ಅಂತ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಯಾವ ಊರಿನ ಹೆಸರು, ಯಾರ ಜೊತೆ ಹೋದರು, ಯಾವ ಸ್ಟೇಷನ್ನಿನಲ್ಲಿ ರೈಲು ಹತ್ತಿದರು, ಎಲ್ಲಾ ಬೇಕು. ಹತ್ತು ಮ್ಯೂಸಿಯಂ ಸೇರಿದರೂ ಅದನ್ನು ಹುಡುಕಿ ತರಲಾಗದು.

ಮಗನ ಛದ್ಮವೇಷ: ಆ ಕೋಟು ಬೇಡ. ಹುಳ ತಿಂದ ಉಣ್ಣೆ ಹುಡುಗನ ಒಂದು ಓಟಕ್ಕೆ ಹರಿಯುತ್ತದೆ, ಅದರ ಪುಡಿ ಅವನ ಮೂಗಿಗೂ ಒಳ್ಳೆಯದಲ್ಲ, ಆಗಸ್ಟಿನ ಮಳೆಯಲ್ಲಿ ಒದ್ದೆಯಾಗುವುದೂ ಖಂಡಿತ. ಟೈಲರನ್ನು ಮನೆಗೇ ಕರೆಸಿ. ಕೋಟನ್ನು ಮಡಿಸದೆ ಟೇಬಲ್ಲಿನ ಮೇಲೆ ಮಲಗಿಸಿ ಕಾಲರು, ಜೇಬಿನ ಮುಚ್ಚಳ, ಗುಂಡಿಯ ಅಂತರ ತೋರಿಸಿ. ಮಾದರಿ ಮಾತ್ರ ಅದರದ್ದು, ಅಳತೆ ಹುಡುಗನದ್ದು. ಉಣ್ಣೆ ಬೇಡ, ಖಾಕಿ ಹತ್ತಿಯಲ್ಲೇ ಹೊಲಿಸಿ, ಸೆಕೆಗೂ ಆಗುತ್ತದೆ. ಪದಕಕ್ಕೆ ರಟ್ಟು ಕತ್ತರಿಸಿ ಬಣ್ಣದ ರಿಬ್ಬನ್ ಅಂಟಿಸಿದರೆ ಸಾಕು. ಬರ್ಮಾ ಸ್ಟಾರಿನ ಗೆರೆಗಳ ಬಣ್ಣ ಮೇಲೆ ಬರೆದಿದ್ದೇನೆ, ಹುಡುಗನೇ ಮಾಡಲಿ.